ಇ-ಟೈಪ್ ಎಂಜಿನ್ ಮೇಲಿನ ನಂಬರ್ ತಿದ್ದಬೇಡಿ

ಜಾಗ್ವಾರ್ ಇ-ಟೈಪ್ ಕಾರಿನ ಬಾನೆಟ್ ಎತ್ತಿ, ಆಯಿಲ್ ಫಿಲ್ಟರ್ ಮೇಲ್ಗಡೆ ಟಾರ್ಚ್ ಬಿಟ್ಟು ನೋಡಿ. ಎಂಜಿನ್ ಬ್ಲಾಕ್ ಮೇಲೆ ಒಂದು ನಂಬರ್ ಗುದ್ದಿರುತ್ತಾರೆ. 1961ರಲ್ಲಿ ಬಂದ 3.8 ಲೀಟರ್ ಕಾರಾದರೆ ಅದು 'ಆರ್' ಅಕ್ಷರದಿಂದ ಶುರು. ಕೊನೆಯಲ್ಲಿರುವ 8 ಅಥವಾ 9 ಕಂಪ್ರೆಷನ್ ರೇಷಿಯೋ, ಅಂದರೆ ಸಿಲಿಂಡರ್ ಒಳಗೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ. ಅದೇ ನಂಬರ್ ಬ್ಲಾಕ್ ಮೇಲೆ ಕೂರುವ ಸಿಲಿಂಡರ್ ಹೆಡ್ ಮುಂದೆಯೂ ಇರುತ್ತದೆ.

ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದ ಜಾಗ್ವಾರ್‌ನ ಬ್ರೌನ್ಸ್ ಲೇನ್ ಕಾರ್ಖಾನೆಯವರು ಇದನ್ನೆಲ್ಲ ಬರೆದಿಟ್ಟಿದ್ದರು. ಆ ದಾಖಲೆ ಈಗ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಹತ್ತಿರ ಇದೆ. ಅವರು ಕೊಡುವ ಸರ್ಟಿಫಿಕೇಟ್‌ನಲ್ಲಿ ಎಂಜಿನ್, ಗೇರ್‌ಬಾಕ್ಸ್, ಬಾಡಿ ನಂಬರ್, ಮೊದಲ ಬಣ್ಣ, ತಯಾರಾದ ದಿನ, ಕಾರ್ಖಾನೆಯಿಂದ ಹೊರಟ ದಿನ, ಯಾವ ಡೀಲರ್‌ಗೆ ಹೋಯಿತು, ಎಲ್ಲ ಸಿಗುತ್ತದೆ.

ಚಾಸಿ ನಂಬರ್ ಅಂತೂ ತಾನೇ ಮಾತಾಡುತ್ತದೆ. ಮೊದಲ ಸರಣಿಯ 3.8 ಲೀಟರ್ ಓಪನ್ (ಗಟ್ಟಿ ಚಾವಣಿ ಇಲ್ಲದ) ಕಾರುಗಳಲ್ಲಿ ಬಲಗಡೆ ಸ್ಟೀರಿಂಗ್ ಇದ್ದವು 850001ರಿಂದ, ಎಡಗಡೆಯವು 875001ರಿಂದ. ಅಮೆರಿಕಕ್ಕೆ ಹೋಗಿ, ಎಷ್ಟೋ ವರ್ಷದ ನಂತರ ಇಂಗ್ಲೆಂಡಿಗೆ ವಾಪಸ್ ಬಂದು ಸ್ಟೀರಿಂಗ್ ಬಲಕ್ಕೆ ಬದಲಾದ ಕಾರುಗಳು ತುಂಬಾ ಇವೆ. ಸ್ಟೀರಿಂಗ್ ಬಲಕ್ಕೆ ಬಂದರೂ ನಂಬರ್ ಮಾತ್ರ 875001ರಿಂದ ಶುರುವಾದ ಎಡಗಡೆಯ ಸಾಲಿನದೇ. ಆ ಕಾರು ಸಮುದ್ರ ದಾಟಿ ಬಂದದ್ದು ಆ ಆರು ಅಂಕಿಯಲ್ಲಿದೆ. ನನಗೆ ಇದು ತುಂಬಾ ಇಷ್ಟ.

ಅದಕ್ಕೇ ಒಂದು ವಿಷಯಕ್ಕೆ ಸಿಟ್ಟು ಬರುತ್ತದೆ. ಎಂಜಿನ್ ಕೆಟ್ಟು ಬೇರೆ ಬ್ಲಾಕ್ ಹಾಕಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಅರವತ್ತು ವರ್ಷ ಓಡಿದ ಗಾಡಿ ಅಲ್ವಾ! ಆದರೆ 'ಮ್ಯಾಚಿಂಗ್ ನಂಬರ್ಸ್' ಇದ್ದರೆ, ಅಂದರೆ ಕಾರಿನ ಮೇಲಿನ ನಂಬರ್‌ಗಳು ಕಾರ್ಖಾನೆ ದಾಖಲೆಗೆ ಹೊಂದಿದರೆ, ಬೆಲೆ ಜಾಸ್ತಿ. ಹಾಗಾಗಿ ಕೆಲವರು ಆ ಬ್ಲಾಕಿನ ನಂಬರ್ ಉಜ್ಜಿ ಅಳಿಸಿ, ಸರ್ಟಿಫಿಕೇಟ್ ನೋಡಿಕೊಂಡು ಹೊಸದಾಗಿ ಗುದ್ದುತ್ತಾರೆ. ಇದು ಶುದ್ಧ ಮೋಸ. ಇದರಿಂದ ಎರಡು ಕಾರಿನ ಚರಿತ್ರೆ ಹಾಳಾಗುತ್ತದೆ: ಈ ಕಾರಿನದು, ಆ ಬ್ಲಾಕ್ ಯಾವ ಕಾರಿನಿಂದ ಬಂತೋ ಅದರದು.

ಸರ್ಟಿಫಿಕೇಟ್ ಹೇಳುವುದು ಅಂದು ಗೇಟು ದಾಟಿದ ಕಾರಿನ ಬಗ್ಗೆ. ಇವತ್ತು ನಿಮ್ಮ ಮುಂದೆ ನಿಂತಿರುವ ಲೋಹದ ಬಗ್ಗೆ ಅದು ಏನೂ ಹೇಳುವುದಿಲ್ಲ. ಕೊಳ್ಳುವ ಮೊದಲು ಅಂಕಿಗಳ ಸುತ್ತ ಬೆರಳಾಡಿಸಿ. ಗ್ರೈಂಡರ್ ಉಜ್ಜಿದ ಗುರುತಿದೆಯಾ, ಅಂಕಿಯ ಆಕಾರ ಹೆಡ್ ಮೇಲಿನದಕ್ಕೆ ಹೊಂದುತ್ತಾ, ನೋಡಿ. ನಿಮ್ಮ ಕಾರಿನ ಬ್ಲಾಕ್ ಬದಲಾಗಿದ್ದರೆ ಅದರ ನಂಬರ್ ಹಾಗೇ ಇರಲಿ. ಬದಲಿಸಿದ ದಿನದ ಬಿಲ್ಲನ್ನು ಸರ್ಟಿಫಿಕೇಟ್ ಜೊತೆ ಅದೇ ಫೈಲಿನಲ್ಲಿಡಿ.