ಕ್ಯಾಸಲ್‌ರಾಕ್ ಕಾಡಿನ ರೇಡಿಯೋ

ಕೇಳುಗರಿಗೆಲ್ಲ ನಮಸ್ಕಾರ. ಕಾರವಾರದಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಮೇಷ್ಟ್ರಿಗೆ ಮೈಕು ಕೊಟ್ಟರೆ ಬಿಡುವುದಿಲ್ಲ ಅಂತ ಇಲ್ಲಿಯವರಿಗೂ ಗೊತ್ತು. ಅದಕ್ಕೇ ಗಡಿಯಾರದ ಎದುರು ಕೂರಿಸಿದ್ದಾರೆ.

ಸರ್ವಾಧಿಕಾರಿಯ ಕಾಟಕ್ಕೆ ದೇಶ ಬಿಟ್ಟು, ಹೊರಗಿನಿಂದಲೇ ಪ್ರಜಾಪ್ರಭುತ್ವಕ್ಕಾಗಿ ಹೋರಾಡುವವರಿಗೆ ನಾವೇನು ಮಾಡಬಹುದು? ಇವತ್ತಿನ ವಿಷಯ ಇದು. "ಅದೆಲ್ಲ ದೆಹಲಿಯವರ ಕೆಲಸ, ನಮಗ್ಯಾಕೆ ಸರ್" ಅಂದರು ಮೊನ್ನೆ ಒಬ್ಬರು, ಮೀನು ಮಾರ್ಕೆಟ್ಟಿನಲ್ಲಿ. ಅವರು ನನ್ನ ಹಳೆಯ ವಿದ್ಯಾರ್ಥಿ ಬೇರೆ! ನನ್ನ ಉತ್ತರ ಚಿಕ್ಕದು. ಜಾಗ ಕೊಡಿ, ಮೈಕು ಕೊಡಿ. ಮಾತು ಅವರೇ ಆಡಲಿ.

ನಮ್ಮ ಜಿಲ್ಲೆ ಇದನ್ನು ಮಾಡಿ ತೋರಿಸಿದೆ. 1955ನೇ ಇಸವಿ. ಆಗ ಗೋವಾ ಸಲಜಾರ್ ಎಂಬ ಪೋರ್ಚುಗಲ್ಲಿನ ಸರ್ವಾಧಿಕಾರಿಯ ಕೈಯಲ್ಲಿತ್ತು. ಪತ್ರಿಕೆ ಬಿಡಿ, ಮದುವೆ ಕಾಗದ ಅಚ್ಚು ಹಾಕಿಸಬೇಕಾದರೂ ಸರ್ಕಾರದವರಿಗೆ ತೋರಿಸಬೇಕು. ಆ ವರ್ಷ ಆಗಸ್ಟ್ 15ರಂದು ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಭಾರತ ಗಡಿ ಮುಚ್ಚಿತು. ನಮ್ಮ ಅತ್ತೆಯನ್ನು ಗೋವಾದ ಕಾಣಕೋಣಕ್ಕೆ ಕೊಟ್ಟಿತ್ತು. ತವರು ಇಲ್ಲೇ, ಮಾಜಾಳಿ. ಆರು ವರ್ಷ ತವರಿನ ಮುಖ ನೋಡಲಿಲ್ಲ ಆಕೆ.

ಆ ನವೆಂಬರಿನಲ್ಲಿ ಗೋವಾದ ಗಡಿಯಾಚೆಯ ಕಾಡಿನಿಂದ ಒಂದು ರೇಡಿಯೋ ಮಾತಾಡತೊಡಗಿತು. ನಡೆಸಿದವರು ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ, ಇಬ್ಬರೂ ಗೋವಾದವರು. ಮೊದಲು ಮಹಾರಾಷ್ಟ್ರದ ಕಡೆಯ ಅಂಬೋಲಿ, ಆಮೇಲೆ ನಮ್ಮ ಜೋಯಿಡಾದ ಕ್ಯಾಸಲ್‌ರಾಕ್. ಕ್ಯಾಸಲ್‌ರಾಕಿನ ಮಳೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಅಂಥ ಕಾಡಿನಲ್ಲಿ ಕೂತು, ದಿನಾ ಸುದ್ದಿ ಬರೆದು, ಕೊಂಕಣಿಯಲ್ಲಿ, ಪೋರ್ಚುಗೀಸಿನಲ್ಲಿ ಓದಿದರು. ಒಂದು ವಾರ ಅಲ್ಲ, ಒಂದು ತಿಂಗಳು ಅಲ್ಲ, 1961ರ ಡಿಸೆಂಬರ್‌ವರೆಗೆ! ನನಗೆ ಐದು ನಿಮಿಷಕ್ಕೇ ಗಂಟಲು ಒಣಗುತ್ತಿದೆ.

ಅತ್ತೆ ಕಂಬಳಿ ಹೊದ್ದು, ರೇಡಿಯೋಗೆ ಕಿವಿ ಹಚ್ಚಿ ಕೇಳುತ್ತಿದ್ದಳಂತೆ. ಹೊರಗೆ ದನಿ ಹೋದರೆ ಪೊಲೀಸರು ಬರುತ್ತಾರಲ್ಲ. "ಏನು ಹೇಳ್ತಿದ್ದರು ಅತ್ತೆ?" ಅಂತ ಕೇಳಿದ್ದೆ. "ಸುದ್ದಿ ನೆನಪಿಲ್ಲ ಬಾಬಾ. ನಮ್ಮ ಭಾಷೆಯಲ್ಲಿ ನಮ್ಮವರೇ ಮಾತಾಡ್ತಿದ್ದರು, ಅಷ್ಟು ಸಾಕಿತ್ತು" ಅಂದಳು. ಗಮನಿಸಿ. ಭಾರತ ತನ್ನ ದೊಡ್ಡ ರೇಡಿಯೋದಿಂದ ಎಷ್ಟು ಬೇಕಾದರೂ ಹೇಳಬಹುದಿತ್ತು. ಆದರೆ ಅತ್ತೆ ಕಂಬಳಿ ಹೊದ್ದದ್ದು ಲಿಬಿಯಾಬಾಯಿಯ ದನಿಗೆ.

ಭಾರತದ ಸೇನೆ ಬಂದು, ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆಯಾಯಿತು. ಕೊನೆಯವರೆಗೂ ಹೋರಾಡಿ ಅಂತ ಸಲಜಾರ್ ಅಪ್ಪಣೆ ಮಾಡಿದ್ದರೂ ಅವನ ಗವರ್ನರ್ ಶರಣಾದ. ವಾಮನ, ಲಿಬಿಯಾ ಇಬ್ಬರನ್ನೂ ಧ್ವನಿವರ್ಧಕ ಕಟ್ಟಿದ ವಿಮಾನದಲ್ಲಿ ಕೂರಿಸಿದರು. ಕಾಡಿನೊಳಗಿಂದ ಆರು ವರ್ಷ ಮಾತಾಡಿದವರು ಗೋವಾದ ಮೇಲೆ ಹಾರುತ್ತ, ಬಿಡುಗಡೆಯ ಸುದ್ದಿ ತಾವೇ ಸಾರಿದರು. ಅತ್ತೆ ಅಂಗಳಕ್ಕೆ ಓಡಿದಳಂತೆ. ವಿಮಾನದ ಗದ್ದಲಕ್ಕೆ ಅರ್ಧ ಕೇಳಿಸಲೇ ಇಲ್ಲವಂತೆ!

ಅಯ್ಯೋ, ಗಡಿಯಾರ ಓಡುತ್ತಿದೆ. ಬೇಗ ಹೇಳುತ್ತೇನೆ.

ಸಲಜಾರ್‌ಗೆ ಅವನ ದೇಶದಲ್ಲೂ ವಿರೋಧಿಗಳಿದ್ದರು. ಮಾರಿಯೊ ಸೋರೆಸ್ ಅಂಥವರಲ್ಲಿ ಒಬ್ಬರು, ಊರು ಬಿಡಬೇಕಾಯಿತು. ಪಶ್ಚಿಮ ಜರ್ಮನಿಯ ಸೋಶಿಯಲ್ ಡೆಮಾಕ್ರಟ್ ಪಕ್ಷದವರು ಅವರಿಗೆ ಸಭೆ ಸೇರಲು ಜಾಗ ಕೊಟ್ಟರು. 1973ರಲ್ಲಿ ಅಲ್ಲೇ ಸೋರೆಸ್‌ರ ಸೋಶಿಯಲಿಸ್ಟ್ ಪಕ್ಷ ಹುಟ್ಟಿತು. ಮರುವರ್ಷ ಏಪ್ರಿಲ್ 25ಕ್ಕೆ ಸರ್ವಾಧಿಕಾರ ಬಿತ್ತು. ಮೂರು ದಿನಕ್ಕೆ ಸೋರೆಸ್ ರೈಲು ಹತ್ತಿ ಲಿಸ್ಬನ್‌ಗೆ ಮರಳಿದರು, ವಿದೇಶಾಂಗ ಮಂತ್ರಿಯಾದರು. ಗೋವಾ ಭಾರತದ್ದು ಅಂತ ಪೋರ್ಚುಗಲ್ ಒಪ್ಪಿದ ಪತ್ರಕ್ಕೆ 1974ರ ಡಿಸೆಂಬರ್ 31ರಂದು ದೆಹಲಿಗೆ ಬಂದು ಸಹಿ ಹಾಕಿದವರು ಇದೇ ಸೋರೆಸ್. ಜರ್ಮನಿಯಲ್ಲಿ ಯಾರೋ ಒಂದು ಕೋಣೆ ಬಿಟ್ಟುಕೊಟ್ಟರು, ಗೋವಾಕ್ಕೆ ದಾಟುವ ನಮ್ಮ ಪೋಳೆ ಗಡಿಯ ತಕರಾರು ಕಾಗದದ ಮೇಲೂ ಮುಗಿಯಿತು. ನಮಗ್ಯಾಕೆ ಅಂದವರು ಕೇಳುತ್ತಿದ್ದೀರಲ್ವಾ?

ಇನ್ನು ಮುಂಡಗೋಡು. 1966ರಿಂದ ಅಲ್ಲಿ ದೇಶ ಬಿಟ್ಟು ಬಂದ ಟಿಬೆಟಿನವರಿದ್ದಾರೆ. ಶಿರಸಿ ಕಡೆಯಿಂದ ನಾವು ಹೋಗುತ್ತೇವೆ, ಮಂದಿರ ನೋಡಿ, ಮೊಮೊ ತಿಂದು, ಫೋಟೊ ತೆಗೆದುಕೊಂಡು ಬರುತ್ತೇವೆ. ಅವರು ಅಲ್ಲೇ ಸಾಲಿನಲ್ಲಿ ನಿಂತು ಮತ ಹಾಕುತ್ತಾರೆ ಅಂತ ಎಷ್ಟು ಜನ ವಿಚಾರಿಸಿದ್ದೀರಿ? ಹಿಮಾಚಲ ಪ್ರದೇಶದ ಧರ್ಮಶಾಲೆ ಎಂಬ ಊರಿನಲ್ಲಿ ಅವರದೊಂದು ಸಂಸತ್ತಿದೆ. 2001ರಿಂದ ತಮ್ಮ ಆಡಳಿತದ ಮುಖ್ಯಸ್ಥರನ್ನು ನೇರವಾಗಿ ಆರಿಸುತ್ತಾರೆ. 2011ರಲ್ಲಿ ದಲೈ ಲಾಮಾ ತಮ್ಮ ರಾಜಕೀಯ ಅಧಿಕಾರವನ್ನು ಚುನಾಯಿತರಿಗೇ ಬಿಟ್ಟುಕೊಟ್ಟರು. ಮುಂದಿನ ಸಲ ಹೋದಾಗ ಮೊಮೊ ಆರ್ಡರ್ ಮಾಡಿ, ಅದು ಬರುವವರೆಗೆ ಈ ಚುನಾವಣೆ ವಿಷಯ ಕೇಳಿ. ನೀವು ಸುಮ್ನೆ ಕೂತು ಕೇಳಿ, ಅವರು ಹೇಳಲಿ.

ಬರ್ಮಾದ ವಿಷಯವೂ ಬರೆದು ತಂದಿದ್ದೆ, ಎರಡು ಪುಟ. ಗಾಜಿನಾಚೆ ಹುಡುಗ ಕೈ ಎತ್ತಿಯಾಯಿತು. ನಮಸ್ಕಾರ.