ದೊಡೋನಾ: ದೇವ್ರ ಹತ್ರ ದಿಂಬಿನ ಬಗ್ಗೆ ಕೇಳಿದ ಊರು

ಗ್ರೀಸಲ್ಲಿ ದೈವವಾಣಿ, ಅಂದ್ರೆ ಹಿಂದೆ ಜನ ದೇವ್ರನ್ನ ಪ್ರಶ್ನೆ ಕೇಳಿ ಉತ್ತರ ಪಡೀತಿದ್ದ ಜಾಗ ಅಂದ ತಕ್ಷಣ ಎಲ್ರೂ ಡೆಲ್ಫಿಗೇ ಹೋಗ್ತಾರೆ, ನಾನು ಈ ಸಲ ಬಂದಿರೋದು ದೊಡೋನಾಗೆ, ಯೊವಾನಿನಾ ಸಿಟಿಯಿಂದ ಕಾರಲ್ಲಿ ಸುಮಾರು ಅರ್ಧ ಗಂಟೆ ದಾರಿ. ಹಿಂದೆ ಕಾಣ್ತಿರೋ ಬೆಟ್ಟ ತೊಮಾರೊಸ್. ಈ ದೊಡ್ಡ ಥಿಯೇಟರ್ ಈ ಸೀಮೆನ ಆಳಿದ ಪಿರ್ರಸ್ ರಾಜನ ಕಾಲದ್ದು, ಕ್ರಿ.ಪೂ. 3ನೇ ಶತಮಾನದ ಶುರುವಲ್ಲಿ ಕಟ್ಟಿದ್ದು, ಸಾವಿರಾರು ಜನ ಕೂರ್ಬೋದಿತ್ತು. ಫೋಟೋಗೆ ಸೂಪರ್, ಆದ್ರೆ ನಾನು ಬಂದಿದ್ದು ಇದಕ್ಕಲ್ಲ.

ಆ ಮೂಲೆಲಿರೋ ಓಕ್ ಮರ ನೋಡಿ. ಇದು ಹಳೇದಲ್ಲ, ಈಚೆಗೆ ನೆಟ್ಟಿದ್ದು. ಆದ್ರೆ ಆಗಿನ ಕಾಲದಲ್ಲಿ ಇಲ್ಲಿದ್ದ ಓಕ್ ಮರದ ಮೂಲಕಾನೇ ಗ್ರೀಕರ ದೇವರಾಜ ಝ್ಯೂಸ್ ಮಾತಾಡ್ತಾನೆ ಅಂತ ಜನ ನಂಬಿದ್ರು. ಈಜಿಪ್ಟಿಂದ ಹಾರಿ ಬಂದ ಒಂದು ಕಪ್ಪು ಪಾರಿವಾಳ ಈ ಮರದ ಮೇಲೆ ಕೂತು ಮನುಷ್ಯರ ಥರ ಮಾತಾಡ್ತು, ಇಲ್ಲಿ ಝ್ಯೂಸ್‌ಗೆ ಜಾಗ ಮಾಡಿ ಅಂತು, ಅಂತ ಇಲ್ಲಿನ ಪೂಜಾರಿಣಿಯರು ಹೇಳಿದ ಕಥೇನ ಹಳೇ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿಟ್ಟಿದ್ದಾನೆ. ಗ್ರೀಕ್ ಕವಿ ಹೋಮರ್ ಹೇಳೋ ಪ್ರಕಾರ ಇಲ್ಲಿನ ಪೂಜಾರಿಗಳು ಕಾಲು ತೊಳೀತಿರ್ಲಿಲ್ಲ, ನೆಲದ ಮೇಲೇ ಮಲಗ್ತಿದ್ರು.

ಈಗ ನಂಗೆ ತುಂಬಾ ಇಷ್ಟ ಆಗಿದ್ದಕ್ಕೆ ಬರ್ತೀನಿ. ಜನ ತಮ್ಮ ಪ್ರಶ್ನೇನ ಸೀಸದ ತೆಳು ತಗಡಿನ ಮೇಲೆ ಗೀಚಿ ಮಡಚಿ ಕೊಡ್ತಿದ್ರು, ಅಂಥ ತಗಡು ಇಲ್ಲಿ 4 ಸಾವಿರಕ್ಕೂ ಜಾಸ್ತಿ ಸಿಕ್ಕಿದೆ, ಕೆಲವನ್ನಂತೂ ಹಳೇ ಬರಹ ಅಳಿಸಿ ಮತ್ತೆ ಮತ್ತೆ ಬಳಸಿದ್ದಾರೆ. ಅಗಿಸ್ ಅನ್ನೋ ಒಬ್ಬ ಕೇಳ್ತಾನೆ, ನನ್ನ ಹೊದಿಕೆ ದಿಂಬು ಕಾಣ್ತಿಲ್ಲ, ನಾನೇ ಕಳ್ಕೊಂಡ್ನಾ ಅಥ್ವಾ ಹೊರಗಿನೋರು ಯಾರಾದ್ರೂ ಕದ್ರಾ ಅಂತ. ಲೈಸಾನಿಯಸ್ ಅನ್ನೋನು ಅನ್ನಿಲಾ ಅನ್ನೋಳ ಹೊಟ್ಟೇಲಿರೋ ಮಗು ನಂದೇನಾ ಅಂತ ಕೇಳಿದ್ದಾನೆ, ಅದನ್ನ ಓದ್ದಾಗ ಹೊಟ್ಟೆ ಚುರುಕ್ ಅಂತು, ಯಾಕಂದ್ರೆ ಆ ಅನ್ನಿಲಾ ಏನು ಅನುಭವಿಸಿದ್ಳೋ ಅದು ಯಾವ ತಗಡಲ್ಲೂ ಇಲ್ಲ. ಮದ್ವೆ ಆಗ್ಲಾ, ಮಕ್ಕಳಾಗುತ್ತಾ, ಸಮುದ್ರದ ವ್ಯಾಪಾರಕ್ಕೆ ಹೋಗ್ಲಾ, ಯಾವ ದೇವ್ರಿಗೆ ಪೂಜೆ ಮಾಡಿದ್ರೆ ಒಳ್ಳೇದಾಗುತ್ತೆ, ಇವೇ ಜಾಸ್ತಿ. ಗುಲಾಮರಾಗಿದ್ದೋರು ಬಿಡುಗಡೆ ಬಗ್ಗೆ ಕೇಳಿದ್ದೂ ಇದೆ.

ಡೆಲ್ಫಿ ಅಂದ್ರೆ ನಮ್ಗೆ ಗೊತ್ತಿರೋದು ಹೆಚ್ಚಾಗಿ ಕ್ರೀಸಸ್ ಥರದ ರಾಜರ ಕಥೆ, ಅದೂ ಬೇರೆಯೋರು ಬರೆದಿದ್ದು. ಇಲ್ಲಿ ಸಾಮಾನ್ಯ ಜನರ ಚಿಂತೆ ಅದೇ ಕಾಲದ ಅಕ್ಷರದಲ್ಲಿ ಹಾಗೇ ಉಳ್ಕೊಂಡಿದೆ, ಅದಕ್ಕೇ ನಂಗೆ ದೊಡೋನಾನೇ ದೊಡ್ಡದು ಅನ್ಸುತ್ತೆ. 2023ರಲ್ಲಿ ಯುನೆಸ್ಕೋ ಈ ತಗಡುಗಳನ್ನ ಜಗತ್ತಿನ ಮುಖ್ಯ ದಾಖಲೆಗಳ ‘ವಿಶ್ವ ಸ್ಮೃತಿ’ ಪಟ್ಟಿಗೆ ಸೇರಿಸ್ತು. ನೀವು ಬಂದ್ರೆ ಮೊದ್ಲು ಯೊವಾನಿನಾದ ಮ್ಯೂಸಿಯಂಗೆ ಹೋಗಿ ತಗಡುಗಳನ್ನ ನೋಡಿ, ಆಮೇಲೆ ಇಲ್ಲಿಗೆ ಬನ್ನಿ, ಇಲ್ದಿದ್ರೆ ಥಿಯೇಟರ್ ನೋಡ್ಕೊಂಡೇ ವಾಪಸ್ ಹೋಗ್ಬಿಡ್ತೀರ.