ಉಬ್ಬುಹಲ್ಲು, ಕತ್ತು, ಮೂಗು

ಕೇಳುಗರಿಗೆ ನಮಸ್ಕಾರ.

ಕೂತಲ್ಲೇ ಒಂದು ಸಣ್ಣ ಪರೀಕ್ಷೆ ಮಾಡೋಣ. ಬಾಯಲ್ಲಿ ಎಲೆ ಅಡಿಕೆ ಇದ್ದರೆ ಮೊದಲು ಮುಗಿಸಿಕೊಳ್ಳಿ, ಅವಸರವಿಲ್ಲ. ಬೆನ್ನು ನೆಟ್ಟಗಿಟ್ಟು, ಎದುರಿನ ಗೋಡೆ ನೋಡುತ್ತ, ಮೇಲಿನ ಹಲ್ಲು ಕೆಳಗಿನ ಹಲ್ಲು ಎರಡನ್ನೂ ಮೆಲ್ಲಗೆ ತಾಗಿಸಿ. ಎಲ್ಲಿ ಮೊದಲು ತಾಗುತ್ತದೆ ಗಮನಿಸಿ. ಈಗ ತಲೆಯನ್ನು ಹಿಂದಕ್ಕೆ ಚೆಲ್ಲಿ, ಮೇಲೆ ಸೂರು ನೋಡುತ್ತ ಮತ್ತೆ ತಾಗಿಸಿ. ತಾಗುವ ಜಾಗ ಹಿಂದಕ್ಕೆ, ದವಡೆಹಲ್ಲುಗಳ ಕಡೆ ಸರಿದಿರುತ್ತದೆ. ಗದ್ದವನ್ನು ಎದೆಗೆ ಒತ್ತಿಕೊಂಡು ತಾಗಿಸಿದರೆ ಮುಂದಿನ ಬಾಚಿಹಲ್ಲುಗಳು ಮೊದಲು ಸಿಗುತ್ತವೆ.

ಹಲ್ಲುಗಳು ಅವೇ, ದವಡೆ ಅದೇ. ಬದಲಾದದ್ದು ಕತ್ತು ಮಾತ್ರ.

ಕೆಳದವಡೆ ತಲೆಬುರುಡೆಗೆ ಕಿವಿಗಳ ಮುಂದಿನ ಎರಡು ಕೀಲುಗಳಲ್ಲಿ ಸೇರಿಕೊಂಡು ಸ್ನಾಯುಗಳಲ್ಲಿ ತೂಗುವ ಮೂಳೆ. ಅದರ ಕೆಳಗೆ, ಗಂಟಲಿನ ಮೇಲ್ಭಾಗದಲ್ಲಿ, ಲಾಳದ ಆಕಾರದ ಪುಟ್ಟ ಮೂಳೆಯೊಂದಿದೆ. ಅದು ಬೇರೆ ಯಾವ ಮೂಳೆಯ ಜೊತೆಗೂ ಕೀಲಿನಲ್ಲಿ ಸೇರಿಲ್ಲ. ದವಡೆಯಿಂದ ಆ ಮೂಳೆಗೆ, ಅಲ್ಲಿಂದ ಎದೆಮೂಳೆಗೆ ಸ್ನಾಯುಗಳು ಇಳಿದಿವೆ. ತಲೆ ಹಿಂದಕ್ಕೆ ಹೋದಾಗ ಇವು ಬಿಗಿಯಾಗಿ, ಕೆಳದವಡೆಯನ್ನು ಕೆಳಕ್ಕೂ ಹಿಂದಕ್ಕೂ ಜಗ್ಗುತ್ತವೆ. ಈಗ ತಾನೇ ತಲೆ ಚೆಲ್ಲಿದಾಗ ಗದ್ದದ ಕೆಳಗೆ ಚರ್ಮ ಬಿಗಿದುಕೊಂಡದ್ದು ಗೊತ್ತಾಯಿತಲ್ಲ, ಅದೇ.

ನಾನು ಹಲ್ಲಿನ ಸಾಲು ಸರಿಪಡಿಸುವ ವೈದ್ಯೆ. ಜನರ ಮಾತಿನಲ್ಲಿ ಕ್ಲಿಪ್ ಹಾಕುವ ಡಾಕ್ಟರು. ಈಚೆಗೆ ತಾಯಂದಿರು ಹಲ್ಲಿನ ಮಾತಿನ ಹಿಂದೆಯೇ ಕತ್ತಿನ ಮಾತನ್ನೂ ತರುತ್ತಾರೆ. "ಮೇಡಂ, ಇವನ ಹಲ್ಲೂ ಮುಂದೆ ಬಂದಿದೆ, ಕತ್ತೂ ಮುಂದೆ ಬರ್ತಿದೆ. ಮೊಬೈಲ್ ನೋಡಿ ನೋಡಿ ಹೀಗಾಯ್ತಾ?" ಕೆಲವರು ಬೆನ್ನಿಗೆ ಕಟ್ಟುವ ಬೆಲ್ಟನ್ನು ಆಗಲೇ ತರಿಸಿರುತ್ತಾರೆ. ಹಾಗಾಗಿ ಇವತ್ತು ಹಲ್ಲಿನ ಕಡಿತ ಕೆಟ್ಟ ಮಕ್ಕಳ ತಲೆ ಮತ್ತು ಕತ್ತಿನ ನಿಲುವಿನ ಬಗ್ಗೆ ಮಾತಾಡುತ್ತೇನೆ. ಕಡಿತ ಕೆಡುವುದೆಂದರೆ ಮೇಲಿನ ಹಲ್ಲು ಕೆಳಗಿನ ಹಲ್ಲು ಸರಿಯಾಗಿ ಕೂರದಿರುವುದು: ಉಬ್ಬುಹಲ್ಲು, ಒತ್ತೊತ್ತಾಗಿ ಹುಟ್ಟಿದ ಹಲ್ಲು, ಕೆಳದವಡೆ ಮುಂದೆ ಚಾಚಿರುವುದು, ಬಾಯಿ ಮುಚ್ಚಿದರೂ ಮುಂದಿನ ಹಲ್ಲುಗಳ ನಡುವೆ ಸಂದು ಉಳಿಯುವುದು, ಹೀಗೆ.

ಇದು ಮೊಬೈಲ್ ಕಾಲದ ಪ್ರಶ್ನೆಯಲ್ಲ. 1926ರಲ್ಲೇ ವಿಯೆನ್ನಾದ ಎ. ಎಂ. ಶ್ವಾರ್ಜ್ ಎಂಬ ವೈದ್ಯರು, ನಿದ್ದೆಯಲ್ಲಿ ತಲೆ ಹಿಂದಕ್ಕೆ ವಾಲುವ ಮಕ್ಕಳಲ್ಲಿ ಕೆಳದವಡೆ ಹಿಂದೆ ಉಳಿಯುತ್ತದೆ ಎಂದು ವಾದಿಸಿದ್ದರು. ವಾದವೇನೋ ಇತ್ತು, ಅದನ್ನು ಅಳೆದು ನೋಡುವ ಕೆಲಸ ಜೋರಾಗಿ ನಡೆದದ್ದು 1970ರ ದಶಕದಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ. ಅಲ್ಲಿನ ಬೆನಿ ಸೊಲೊ ಮತ್ತು ಅವರ ಜೊತೆಗಾರರು ತಲೆಯ ಪಕ್ಕದ ಎಕ್ಸ್‌ರೇ ತೆಗೆದು, ತಲೆಬುರುಡೆಗೂ ಕತ್ತಿನ ಮೂಳೆಗಳಿಗೂ ನಡುವಿನ ಕೋನ ಅಳೆದರು. ಕೋನ ಹೆಚ್ಚಿದಷ್ಟೂ ತಲೆ ಹಿಂದಕ್ಕೆ ವಾಲಿದೆ ಎಂದು ಅರ್ಥ.

ಅಳೆಯುವುದು ಹೇಳಿದಷ್ಟು ಸುಲಭವಲ್ಲ. ಮಗುವಿಗೆ "ನೆಟ್ಟಗೆ ನಿಲ್ಲು" ಎಂದರೆ ಅದು ಎದೆ ಸೆಟೆಸಿ, ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಅದು ಅದರ ನಿಲುವಲ್ಲ, ನಮ್ಮ ಮಾತಿಗೆ ಹೆದರಿದ ನಿಲುವು. ಅದಕ್ಕೆ ಎದುರಿಗೆ ಕನ್ನಡಿ ಇಟ್ಟು "ನಿನ್ನ ಕಣ್ಣನ್ನೇ ನೋಡಿಕೋ" ಎನ್ನುತ್ತೇವೆ. ಆಗ ತಲೆ ತನ್ನ ಸಹಜ ಜಾಗಕ್ಕೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಬಾಗಿಲ ಬಳಿಯಿಂದ ಅಜ್ಜಿ "ತಲೆ ಎತ್ತೋ ಪುಟ್ಟಾ, ಚೆನ್ನಾಗಿ ನಿಂತ್ಕೋ" ಎಂದುಬಿಟ್ಟರೆ ಎಲ್ಲ ಕೆಟ್ಟಿತು, ಮತ್ತೆ ಮೊದಲಿಂದ. ಆ ಒಂದು ನಿಮಿಷ ದೊಡ್ಡವರು ದಯವಿಟ್ಟು ಸುಮ್ಮನಿರಬೇಕು.

ಹೀಗೆ ಅಳೆದಾಗ ಏನು ಕಂಡಿತು? ಕತ್ತಿನ ಮೇಲೆ ತಲೆ ಹಿಂದಕ್ಕೆ ವಾಲಿದವರಲ್ಲಿ ಮುಖ ಉದ್ದ, ಕೆಳದವಡೆ ಹಿಂದಕ್ಕೂ ಕೆಳಕ್ಕೂ ಇಳಿದಂತೆ ಇರುವುದು ಹೆಚ್ಚು. ತಲೆ ಮುಂದಕ್ಕೆ ಬಾಗಿದವರಲ್ಲಿ ಮುಖ ಗಿಡ್ಡ, ದವಡೆ ಮುಂದಕ್ಕೆ ಬೆಳೆದಿರುವುದು ಹೆಚ್ಚು. 1998ರಲ್ಲಿ ಸೊಲೊ ಮತ್ತು ಲಿಸೆಲೊಟ್ಟೆ ಸೊನ್ನೆಸೆನ್ ಅವರು ಕಡಿತ ಕೆಟ್ಟು ಚಿಕಿತ್ಸೆ ಬೇಕಾಗಿದ್ದ 96 ಮಕ್ಕಳನ್ನು, 7ರಿಂದ 13 ವರ್ಷದವರನ್ನು, ಇದೇ ರೀತಿ ನೋಡಿದರು. ಮುಂದಿನ ಹಲ್ಲುಗಳು ಒತ್ತೊತ್ತಾಗಿ ಒಂದರ ಮೇಲೊಂದು ಏರಿದ್ದ ಮಕ್ಕಳಲ್ಲಿ ಆ ಕೋನ ಉಳಿದವರಿಗಿಂತ ಸರಾಸರಿ 3ರಿಂದ 5 ಡಿಗ್ರಿ ಹೆಚ್ಚಿತ್ತು.

ಮೂರರಿಂದ ಐದು ಡಿಗ್ರಿ. ಗಡಿಯಾರದಲ್ಲಿ ದೊಡ್ಡ ಮುಳ್ಳು ಒಂದು ನಿಮಿಷಕ್ಕೆ 6 ಡಿಗ್ರಿ ಸರಿಯುತ್ತದೆ, ಅದಕ್ಕಿಂತಲೂ ಕಡಿಮೆ. ಊಟದ ಮನೆಯಲ್ಲಿ ಕೂತ ಮಗುವನ್ನು ನೋಡಿ ಯಾವ ತಾಯಿಯೂ ಇದನ್ನು ಕಂಡುಹಿಡಿಯಲಾರಳು, ನಾನೂ ಕಂಡುಹಿಡಿಯಲಾರೆ. ಫೋಟೋ ಹಾಕಿದರೆ ಕತ್ತಿನ ಕೋನ ಹೇಳುತ್ತೇವೆ ಎನ್ನುವ ಆ್ಯಪ್‌ಗಳನ್ನು ನಾನು ಗಂಭೀರವಾಗಿ ತೆಗೆದುಕೊಳ್ಳದಿರುವುದು ಇದಕ್ಕೇ. ನಮ್ಮ ಕಣ್ಣಿಗೆ ಕಾಣುವಷ್ಟು ಕತ್ತು ಬಾಗಿದ್ದರೆ ಅದರ ಕಾರಣ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಹತ್ತು ಹನ್ನೆರಡರ ಹುಡುಗಿ ತಲೆ ತಗ್ಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರೆ ಅದು ಮೂಳೆಯ ಸಮಸ್ಯೆಯಲ್ಲ. ತರಗತಿಯಲ್ಲಿ ಯಾರೋ ಅವಳ ಹಲ್ಲಿಗೆ ಹೆಸರಿಟ್ಟಿದ್ದಾರೆ ಎಂದು ಅರ್ಥ.

ಸರಿ, ತಲೆ ಹಿಂದಕ್ಕೆ ವಾಲುವುದೇಕೆ? ಹೆಚ್ಚು ಹೊತ್ತು ಮಾತಾಡಬೇಕಾದ್ದು ಇದನ್ನೇ.

ಮೂಗು ಕಟ್ಟಿದ ಮಗುವನ್ನು ನೋಡಿ. ಬಾಯಿ ತೆರೆಯುತ್ತದೆ, ಗದ್ದ ಸ್ವಲ್ಪ ಮೇಲೇಳುತ್ತದೆ, ತಲೆ ಹಿಂದಕ್ಕೆ ಜಾರುತ್ತದೆ. ಗಂಟಲಿನ ದಾರಿ ಆಗ ಅಗಲವಾಗಿ ಉಸಿರು ಸಲೀಸಾಗುತ್ತದೆ. ಪ್ರಜ್ಞೆ ತಪ್ಪಿದವರಿಗೆ ಉಸಿರು ಕೊಡುವಾಗ ತಲೆ ಹಿಂದಕ್ಕೆ ಮಾಡಿ ಗದ್ದ ಎತ್ತಿ ಎಂದು ಪ್ರಥಮ ಚಿಕಿತ್ಸೆಯಲ್ಲಿ ಹೇಳಿಕೊಡುವುದೂ ಇದಕ್ಕೇ. 1980ರಲ್ಲಿ ಅಮೆರಿಕದಲ್ಲಿ ಪೀಟರ್ ವಿಗ್ ಮತ್ತು ಸಂಗಡಿಗರು ಆರೋಗ್ಯವಂತರ ಮೂಗನ್ನು ಬೇಕೆಂದೇ ಮುಚ್ಚಿ ನೋಡಿದರು. ತಲೆ ಹಿಂದಕ್ಕೆ ವಾಲಿತು. ಮೂಗು ಬಿಟ್ಟ ಮೇಲೆ ಮೊದಲಿನ ಜಾಗಕ್ಕೆ ಮರಳಿತು. ಯಾರೂ ಅವರಿಗೆ ತಲೆ ವಾಲಿಸಿ ಎಂದು ಹೇಳಿರಲಿಲ್ಲ.

ದೊಡ್ಡವರಿಗೆ ನೆಗಡಿ ವಾರದಲ್ಲಿ ಹೋಗುತ್ತದೆ. ಮಗುವಿಗೆ ಮೂಗು ವರ್ಷಗಟ್ಟಲೆ ಕಟ್ಟಿದರೆ? ಮೂಗಿನ ಹಿಂದೆ, ಕಿರುನಾಲಿಗೆಯ ಮೇಲುಗಡೆ ಅಡಿನಾಯ್ಡ್ ಎಂಬ ಮೃದು ಗಂಟಿರುತ್ತದೆ. "ಮೂಗಿನಲ್ಲಿ ಮಾಂಸ ಬೆಳೆದಿದೆ" ಎಂದು ಜನ ಹೇಳುವುದು ಬಹಳ ಸಲ ಇದನ್ನೇ. ಸುಮಾರು ಮೂರರಿಂದ ಏಳು ವರ್ಷದ ನಡುವೆ ಅದು ದೊಡ್ಡದಾಗಿರುತ್ತದೆ, ಹದಿಹರೆಯದ ಹೊತ್ತಿಗೆ ತಾನೇ ಕುಗ್ಗುತ್ತದೆ. ಅದರ ಜೊತೆಗೆ ಅಲರ್ಜಿ: ಹಾಸಿಗೆಯ ಧೂಳು, ರಸ್ತೆಯ ಧೂಳು, ಖಾಲಿ ಸೈಟುಗಳಲ್ಲಿ ಹೂಬಿಡುವ ಕಾಂಗ್ರೆಸ್ ಗಿಡದ ಪರಾಗ. ಮುಖ ವೇಗವಾಗಿ ಬೆಳೆಯುವ ವರ್ಷಗಳೂ, ಆರನೆಯ ವರ್ಷದಲ್ಲಿ ಮೊದಲ ಶಾಶ್ವತ ದವಡೆಹಲ್ಲು ಹುಟ್ಟುವುದೂ ಇದೇ ಕಾಲಕ್ಕೆ ಬೀಳುತ್ತವೆ.

ಬಾಯಿ ತೆರೆದಿದ್ದರೆ ನಾಲಿಗೆ ಅಂಗುಳಕ್ಕೆ ತಾಗಿ ನಿಲ್ಲುವುದಿಲ್ಲ, ಕೆಳಗೆ ಮಲಗುತ್ತದೆ. ಒಳಗಿನಿಂದ ನಾಲಿಗೆಯ ಆಸರೆ ಇಲ್ಲ, ಹೊರಗಿನಿಂದ ಕೆನ್ನೆಯ ಒತ್ತಡ ಇದ್ದೇ ಇದೆ. ಮೇಲಿನ ಸಾಲು ಕಿರಿದಾಗುತ್ತದೆ, ಅಂಗುಳ ಗೋಪುರದ ಹಾಗೆ ಎತ್ತರವಾಗುತ್ತದೆ. ಹಲ್ಲು ಸರಿಯಲು ಭಾರೀ ಬಲ ಬೇಕಿಲ್ಲ ಎನ್ನುವುದನ್ನು ಮರೆಯಬಾರದು. ನಾವು ತಂತಿಯಲ್ಲಿ ಹಾಕುವ ಬಲವೂ ಹತ್ತಾರು ಗ್ರಾಮ್‌ಗಳ ಲೆಕ್ಕದ್ದು, ಆದರೆ ಬಿಡದೆ ಒತ್ತುವಂಥದ್ದು. ಸೊಲೊ ಅವರು ಸ್ವೆನ್ ಕ್ರೈಬೋರ್ಗ್ ಜೊತೆಗೂಡಿ 1977ರಲ್ಲಿ ಮಂಡಿಸಿದ ವಿಚಾರ ಇದಕ್ಕೇ ಹೊಂದುತ್ತದೆ. ಉಸಿರಿಗೆ ಅಡ್ಡಿ, ಅದಕ್ಕೆ ತಲೆ ಹಿಂದಕ್ಕೆ, ಅದರಿಂದ ಮುಖದ ಮತ್ತು ಕತ್ತಿನ ಮುಂಭಾಗದ ಚರ್ಮ, ಸ್ನಾಯು ಬಿಗಿದು ದವಡೆಯ ಬೆಳವಣಿಗೆಯನ್ನು ಹಿಂದಕ್ಕೆ ಹಿಡಿಯುವುದು, ಅದರಿಂದ ಗಂಟಲ ದಾರಿ ಇನ್ನಷ್ಟು ಕಿರಿದು, ಮತ್ತೆ ಉಸಿರಿಗೆ ಅಡ್ಡಿ.

ಕೇಳಲು ಎಷ್ಟು ಚೆನ್ನಾಗಿ ಕೂಡಿಕೊಳ್ಳುತ್ತದೆ! ಅದಕ್ಕೇ ಇಲ್ಲಿ ಸ್ವಲ್ಪ ಬ್ರೇಕು ಹಾಕಬೇಕು. ಎರಡು ಸಂಗತಿ ಜೊತೆಯಾಗಿ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತೆಂದಲ್ಲ. ದವಡೆ ಹಿಂದಿರುವುದು ಮಗುವಿನ ಹುಟ್ಟುಗುಣವೇ ಆಗಿ, ಕಿರಿದಾದ ಗಂಟಲಿಗೆ ಹೊಂದಿಕೊಳ್ಳಲು ಅದು ತಲೆ ವಾಲಿಸುತ್ತಿರಬಹುದು. ಅಪ್ಪನ ಗದ್ದ, ಅಜ್ಜಿಯ ಹಲ್ಲು ಮೊಮ್ಮಗಳಿಗೆ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಗಿಲ್ ಹಾರ್ವೋಲ್ಡ್ ಮರಿ ಕೋತಿಗಳ ಮೂಗು ಮುಚ್ಚಿ ಬೆಳೆಸಿದ ಪ್ರಯೋಗದ ವರದಿ 1981ರಲ್ಲಿ ಬಂತು. ಹಲ್ಲುಗಳೇನೋ ಕೆಟ್ಟವು, ಆದರೆ ಎಲ್ಲದರಲ್ಲೂ ಒಂದೇ ರೀತಿ ಅಲ್ಲ. ಒಂದೊಂದು ಕೋತಿ ಉಸಿರಿಗಾಗಿ ದವಡೆಯನ್ನು, ನಾಲಿಗೆಯನ್ನು ಒಂದೊಂದು ಬಗೆಯಲ್ಲಿ ಇಟ್ಟುಕೊಂಡಿತು, ಹಲ್ಲು ಅದರಂತೆ ತಿರುಗಿತು. ಮಕ್ಕಳೂ ಅಷ್ಟೇ. ಬಾಯಲ್ಲಿ ಉಸಿರಾಡುವವರಿಗೆಲ್ಲ ಉಬ್ಬುಹಲ್ಲು ಬರುವುದಿಲ್ಲ, ಉಬ್ಬುಹಲ್ಲು ಇರುವವರೆಲ್ಲ ಬಾಯಲ್ಲಿ ಉಸಿರಾಡುವುದಿಲ್ಲ.

ಆದರೂ ಮೂಗಿನ ಕಡೆಯ ಸಾಕ್ಷ್ಯ ಬೇರೆಲ್ಲದಕ್ಕಿಂತ ಗಟ್ಟಿ ಎಂದೇ ನನ್ನ ಎಣಿಕೆ. ಸ್ವೀಡನ್ನಿನ ಸ್ಟೆನ್ ಲಿಂಡರ್-ಅರೋನ್ಸನ್ 1970ರ ದಶಕದಲ್ಲಿ ಅಡಿನಾಯ್ಡ್ ತೆಗೆಸಿಕೊಂಡ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿ ನೋಡಿದರು. ಶಸ್ತ್ರಚಿಕಿತ್ಸೆಯ ಮೇಲೆ ಮೂಗಿನಲ್ಲಿ ಉಸಿರಾಡತೊಡಗಿದವರಲ್ಲಿ ಹಲ್ಲು ಮತ್ತು ಮುಖದ ಅಳತೆಗಳು ಸಾಮಾನ್ಯ ಮಕ್ಕಳ ಅಳತೆಯತ್ತ ಸರಿದವು. ಮೇಲಿನ ದವಡೆ ಅಗಲಿಸುವ ಸಾಧನ ಹಾಕಿದಾಗಲೂ ಇಂಥದ್ದು ಕಂಡಿದೆ. ಇಟಲಿಯಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾಯಿಯುಸಿರಿನ ಹುಡುಗಿಯರಿಗೆ ಅಂಗುಳ ಅಗಲಿಸಿದ ಮೇಲೆ ಕತ್ತಿನ ಕೋನವೂ ಇಳಿದಿತ್ತು. ಕತ್ತಿಗೆ ಯಾರೂ ಏನೂ ಮಾಡಿರಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟು: ಉಬ್ಬುಹಲ್ಲಿನ ಮಗುವಿನ ಕತ್ತನ್ನು ನೆಟ್ಟಗೆ ಮಾಡಲು ಹೊರಡಬೇಡಿ, ಅದರ ಮೂಗನ್ನು ನೋಡಿಸಿ. ಬೆಲ್ಟ್ ಕಟ್ಟಿ ತಲೆಯ ನಿಲುವನ್ನು ಬಲವಂತವಾಗಿ ಬದಲಿಸಿದರೆ, ಉಸಿರಿಗಾಗಿ ಮಗು ಕಂಡುಕೊಂಡ ದಾರಿಯನ್ನು ನಾವೇ ಮುಚ್ಚಿದಂತಾಗಬಹುದು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿಹಿಡಿದರೆ ದವಡೆ ಚೂಪಾಗುತ್ತದೆ ಎಂದು ಹುಡುಗರು ಮೊಬೈಲಿನಲ್ಲಿ ನೋಡಿ ಮಾಡುವ ಕಸರತ್ತು ಇದೆಯಲ್ಲ, ಅದಕ್ಕೆ ನಂಬಬಹುದಾದ ಪುರಾವೆ ಇಲ್ಲ. ಹಲ್ಲು ನೆಟ್ಟಗಾದರೆ ಬೆನ್ನು, ಸೊಂಟ, ಕಾಲು ಎಲ್ಲ ನೆಟ್ಟಗಾಗುತ್ತದೆ ಎನ್ನುವ ಜಾಹೀರಾತನ್ನೂ ನಂಬಬೇಡಿ. ಹಲ್ಲಿನ ಕಡಿತಕ್ಕೂ ಇಡೀ ಮೈನಿಲುವಿಗೂ ಅಂಥ ನಂಟು ಸಾಬೀತಾಗಿಲ್ಲ. ಇನ್ನು ಮೊಬೈಲ್: ಕತ್ತು ನೋವಿಗೆ ಅದು ಕಾರಣವಾಗಬಹುದು. ಆದರೆ ಅದನ್ನು ನೋಡುವಾಗ ತಲೆ ಬಾಗುವುದು ಮುಂದಕ್ಕೆ. ಉಬ್ಬುಹಲ್ಲಿನ ಪಾಪವನ್ನು ಅದರ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ.

ತಲೆ ಹಿಂದೆ ಮುಂದೆ ಅಲ್ಲದೆ ಒಂದು ಪಕ್ಕಕ್ಕೆ ವಾಲಿದ್ದರೆ ಅದರ ವಿಚಾರವೇ ಬೇರೆ. ಕಿವಿಯ ಹಿಂದಿನಿಂದ ಎದೆಯ ಕಡೆ ಇಳಿಯುವ ಸ್ನಾಯು ಹುಟ್ಟಿನಿಂದ ಬಿಗಿಯಾಗಿದ್ದರೆ ಮಗುವಿನ ತಲೆ ಆ ಕಡೆ ವಾಲಿ, ಗದ್ದ ಇನ್ನೊಂದು ಕಡೆ ತಿರುಗಿರುತ್ತದೆ. ಮೊದಲ ವರ್ಷದಲ್ಲೇ ಫಿಸಿಯೋಥೆರಪಿ ಶುರುವಾದರೆ ಬಹುಪಾಲು ಸರಿಹೋಗುತ್ತದೆ. ಬಿಟ್ಟರೆ ಮುಖದ ಒಂದು ಬದಿ ಚಿಕ್ಕದಾಗಿ ಬೆಳೆದು ಕಡಿತವೂ ಓರೆಯಾಗುತ್ತದೆ. ಕತ್ತು ಸಡಿಲವಾಗಿದ್ದೂ ತಲೆ ವಾಲುತ್ತಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಕಣ್ಣು ತಿರುಗಿಸುವ ಸ್ನಾಯು ಸೋತಿದ್ದರೆ, ಒಂದು ವಸ್ತು ಎರಡಾಗಿ ಕಾಣದಿರಲೆಂದು ಮಗು ತಲೆ ವಾಲಿಸುತ್ತದೆ. ಹಲ್ಲಿನವರ ಸರದಿ ಇವೆರಡರ ನಂತರ.

ಇನ್ನೊಂದು ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಕ್ಲಿಪ್ ಹಾಕುವ ಮುಂಚೆ ತೆಗೆಯುವ ಆ ಪಕ್ಕದ ಎಕ್ಸ್‌ರೇಯಲ್ಲಿ ನಾವು ಹಲ್ಲಿನ ಜೊತೆ ಕತ್ತಿನ ಎರಡು, ಮೂರು, ನಾಲ್ಕನೆಯ ಮೂಳೆಗಳನ್ನೂ ಓದುತ್ತೇವೆ. ಚಿಕ್ಕ ಮಕ್ಕಳಲ್ಲಿ ಅವುಗಳ ಕೆಳ ಅಂಚು ಸಪಾಟಾಗಿರುತ್ತದೆ, ಬೆಳೆದಂತೆ ಒಂದೊಂದಾಗಿ ಒಳಕ್ಕೆ ಬಾಗುತ್ತದೆ. ಎರಡನೆಯದೂ ಮೂರನೆಯದೂ ಬಾಗಿದ್ದರೆ ದವಡೆ ಜೋರಾಗಿ ಬೆಳೆಯುವ ಕಾಲ ಹತ್ತಿರ ಬಂದಿದೆ ಎಂದು ಲೆಕ್ಕ. ಹಿಂದುಳಿದ ಕೆಳದವಡೆಯನ್ನು ಮುಂದೆ ತರಲು ಬಾಯಲ್ಲಿ ಇಡುವ ಜೋಡಿ ಅಚ್ಚುಗಳನ್ನು ಆ ಹೊತ್ತಿಗೆ ಕೊಟ್ಟರೆ ಫಲ ಹೆಚ್ಚು. ಅಕ್ಕ ತಮ್ಮ ಇಬ್ಬರನ್ನೂ ಒಟ್ಟಿಗೆ ಕರೆತಂದು "ಇಬ್ಬರಿಗೂ ಒಂದೇ ಸಲ ಹಾಕಿಬಿಡಿ ಮೇಡಂ, ರಜೆ ಇದೆ" ಎನ್ನುವವರಿಗೆ ನಾನು ಇಲ್ಲ ಎನ್ನುವುದು ಇದಕ್ಕೆ. ಹುಡುಗಿಯರಿಗೆ ಆ ಕಾಲ ಸಾಮಾನ್ಯವಾಗಿ ಮೊದಲು ಬರುತ್ತದೆ.

ಮನೆಯಲ್ಲಿ ನೋಡಬೇಕಾದ್ದು ಕತ್ತಿನ ಕೋನವಲ್ಲ, ನಿದ್ದೆ. ಮಗು ಮಲಗಿದ ಒಂದು ಗಂಟೆಯ ಮೇಲೆ ಕೋಣೆಗೆ ಹೋಗಿ. ಬಾಯಿ ತೆರೆದಿದೆಯೇ, ಗೊರಕೆ ಇದೆಯೇ, ತಲೆ ದಿಂಬಿನಿಂದ ಹಿಂದಕ್ಕೆ ಜಾರಿ ಕತ್ತು ಚಾಚಿಕೊಂಡಿದೆಯೇ, ಉಸಿರು ನಡುನಡುವೆ ನಿಂತು ಮತ್ತೆ ಏದುಸಿರಾಗಿ ಬರುತ್ತದೆಯೇ. ನೆಗಡಿ ಇಲ್ಲದ ರಾತ್ರಿಗಳಲ್ಲೂ ಹೀಗೇ ನಡೆದಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರಲ್ಲಿಗೆ ಮೊದಲು ಹೋಗಿ, ಆಮೇಲೆ ನಮ್ಮಲ್ಲಿಗೆ. ಉಸಿರು ನಿಲ್ಲುತ್ತಿದ್ದರೆ ತಡ ಮಾಡಬೇಡಿ. ಹಲ್ಲಿನ ಸಾಲನ್ನು ಏಳು ವರ್ಷದ ಸುಮಾರಿಗೆ ಒಮ್ಮೆ ತೋರಿಸಿದರೆ ಸಾಕು. ಆ ವಯಸ್ಸಿನಲ್ಲಿ ಮೇಲಿನ ಬಾಚಿಹಲ್ಲುಗಳ ನಡುವೆ ಸಂದು ಇದ್ದರೆ ಗಾಬರಿ ಬೇಡ, ಕೋರೆಹಲ್ಲು ಇಳಿಯುವ ಹೊತ್ತಿಗೆ ಬಹಳ ಮಕ್ಕಳಲ್ಲಿ ಅದು ತಾನೇ ಕೂಡಿಕೊಳ್ಳುತ್ತದೆ. ಸರ್ಕಾರಿ ಶಾಲೆಗೆ, ಅಂಗನವಾಡಿಗೆ ಹೋಗುವ ಮಕ್ಕಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ತಂಡ ಬರುತ್ತದೆ. ಅವರು ನೋಡುವ ತೊಂದರೆಗಳಲ್ಲಿ ಹಲ್ಲೂ ಸೇರಿದೆ. ಆ ದಿನ ಮಗುವಿನ ಗೊರಕೆಯ ಮಾತನ್ನು ಟೀಚರ ಕೈಯಲ್ಲಿ ಒಂದು ಚೀಟಿ ಬರೆದಾದರೂ ಅವರಿಗೆ ಮುಟ್ಟಿಸಿ.

ಹಾಂ, ಮಲಗಿದ ಮಗುವಿನ ಒಂದು ನಿಮಿಷದ ವಿಡಿಯೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ದನಿಯೂ ಕೇಳುವಂತಿರಲಿ. ಡಾಕ್ಟರ ಮುಂದೆ ಹಗಲಲ್ಲಿ ಕೂತ ಮಗು ಬಾಯಿ ಮುಚ್ಚಿಕೊಂಡು ಬಲು ಜಾಣನಾಗಿರುತ್ತದೆ.

ನಮಸ್ಕಾರ.